ಗೆರೆಗೆ ಅಂಕ ಕೊಡಿ, ಕೈಗಲ್ಲ

ಮೊನ್ನೆ ಆದಿ ಉಡುಪಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ತರಕಾರಿ ಮಾರುವ ಯಲ್ಲವ್ವ ತಕ್ಕಡಿ ಎತ್ತಿದವಳು ಹಾಗೆಯೇ ನಿಂತು ನನ್ನ ಮೊಣಕೈಯನ್ನೇ ನೋಡತೊಡಗಿದಳು. ಅವಳು ಗದಗದ ಕಡೆಯಿಂದ ಬಂದು ಇಲ್ಲಿ ನೆಲೆನಿಂತು ಬಹಳ ವರ್ಷಗಳಾದವು. ನಾನು ಅವಳ ಹಳೆಯ ಗಿರಾಕಿ.

"ಟೀಚರ್ ಅಕ್ಕಾ, ಕೈಗ ಏನಾಗೇತ್ರಿ? ಪಟ್ಟಿ ಹಚ್ಚೀರಲ್ಲ?"

ತಿರುಗಿಸಿ ನೋಡಿಕೊಂಡರೆ ಅರ್ಧ ಗೇಣುದ್ದದ ಹಳದಿ ಮಾಸ್ಕಿಂಗ್ ಟೇಪು. ಎಲ್ಲಿ ಹೋಯಿತೆಂದು ಬೆಳಿಗ್ಗೆ ಮೇಜಿನ ಅಡಿಯಲ್ಲೆಲ್ಲ ಹುಡುಕಿದ್ದ ತುಂಡು ಅದು. ನನ್ನ ಜೊತೆ ಕಾಪುವಿನಲ್ಲಿ ಬಸ್ಸು ಹತ್ತಿ, ಟಿಕೆಟ್ಟಿಲ್ಲದೆ ಇಲ್ಲಿಯವರೆಗೆ ಬಂದಿತ್ತು.

"ಗಾಯ ಅಲ್ಲ ಯಲ್ಲವ್ವ, ಕಾರಿಗೆ ಬಣ್ಣ ಹೊಡೆಯುವಾಗ ಅಂಟಿಕೊಂಡದ್ದು."

"ಕಾರ್ ತಗೊಂಡ್ರೇನ್ರಿ? ಹೇಳೇ ಇಲ್ಲಲ್ರಿ!"

"ಸಣ್ಣ ಕಾರು ಮಾರಾಯ್ತಿ. ಇಷ್ಟೇ" ಎಂದು ಕೈಯಲ್ಲಿದ್ದ ಉದ್ದ ಬದನೆಯನ್ನು ತೋರಿಸಿದೆ.

"ಅದರಾಗ ಯಾರ್ ಕುಂದ್ರತಾರ್ರಿ?"

"ಯಾರೂ ಇಲ್ಲ."

"ಮತ್ ಬಣ್ಣ ಯಾಕ್ ಹಚ್ಚತೀರಿ?"

ಸುತ್ತ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕು, ಬದನೆಕಾಯಿ ಚೀಲಕ್ಕೆ ಹಾಕಿಕೊಂಡು ಬಂದೆ. ಈ ಪ್ರಶ್ನೆಯನ್ನು ನನ್ನಲ್ಲಿ ಕೇಳದವರು ಕಡಿಮೆ. ನೆಂಟರು ಕೇಳಿದ್ದಾರೆ, ಹಳೆಯ ಸಹೋದ್ಯೋಗಿಗಳು ಕೇಳಿದ್ದಾರೆ, ಗ್ಯಾಸ್ ಸಿಲಿಂಡರ್ ತರುವವರು ಕೂಡ ಬಾಗಿಲಲ್ಲಿ ನಿಂತು ಕೇಳಿದ್ದಾರೆ. ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೆ. ಇವತ್ತು ನೀವು ಸಿಕ್ಕಿದ್ದೀರಿ, ನನಗೂ ಪುರುಸೊತ್ತಿದೆ, ನಿನ್ನೆ ಹೊಡೆದ ಬಣ್ಣ ಇನ್ನೂ ಒಣಗುತ್ತಿದೆ. ಹಾಗಾಗಿ ಹೇಳಿಯೇ ಬಿಡುತ್ತೇನೆ.

ಮೊದಲು ನೀವೂ ನಕ್ಕುಬಿಡಿ, ಪರವಾಗಿಲ್ಲ. ಐವತ್ತೇಳು ವರ್ಷದ ಹೆಂಗಸೊಬ್ಬಳು ಕನ್ನಡಕದ ಮೇಲೆ ಭೂತಗನ್ನಡಿ ಏರಿಸಿಕೊಂಡು, ಗೇಣುದ್ದದ ಪ್ಲಾಸ್ಟಿಕ್ ಕಾರಿನ ಬೆನ್ನ ಮೇಲೆ ಎರಡು ನೀಲಿ ಪಟ್ಟೆ ಬರೆಯಲು ಮೂರು ದಿನ ತೆಗೆದುಕೊಳ್ಳುತ್ತಾಳೆ ಎಂದರೆ ಯಾರಿಗಾದರೂ ನಗು ಬರಬೇಕಾದದ್ದೇ. ಆದರೆ ನಕ್ಕು ಮುಗಿದ ಮೇಲೆ ಇನ್ನೊಂದು ವಿಷಯವನ್ನೂ ತಿಳಿದುಕೊಳ್ಳಿ. ಆ ಹೆಂಗಸಿನ ಎರಡೂ ಕೈಗಳು ನಡುಗುತ್ತವೆ. ಬಲಗೈ ಸ್ವಲ್ಪ ಹೆಚ್ಚು.

ನಾನು ಉಡುಪಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕೈವಾರವಿಲ್ಲದೆ ದುಂಡಗೆ ವೃತ್ತ ಬರೆಯುತ್ತೇನೆ ಎನ್ನುವುದು ನನ್ನ ಒಂದು ಜಂಬವಾಗಿತ್ತು. ಮಕ್ಕಳು ಬೇಕೆಂದೇ "ಟೀಚರ್, ವೃತ್ತ ಬರೆಯಿರಿ" ಎಂದು ಹೇಳುತ್ತಿದ್ದರು, ನಾನು ಬೇಕೆಂದೇ ಎರಡು ಸಲ ಬೇಡ ಎಂದು ಮೂರನೆಯ ಸಲ ಬರೆಯುತ್ತಿದ್ದೆ. ಐವತ್ತು ದಾಟಿದ ಮೇಲೆ ಒಂದು ದಿನ ಎಂಟನೇ ತರಗತಿಯಲ್ಲಿ ಹೂಜಿಯ ಚಿತ್ರ ಬರೆಯುತ್ತಿದ್ದೆ. ಹೂಜಿಯ ಹೊಟ್ಟೆಯ ಗೆರೆ ಕೆಳಗಿಳಿಯುತ್ತಾ ಇಳಿಯುತ್ತಾ ಗರಗಸದ ಹಲ್ಲಿನ ಹಾಗಾಯಿತು. ಅಳಿಸಿ ಮತ್ತೆ ಬರೆದೆ. ಮತ್ತೆ ಹಲ್ಲು. ಮುಂದಿನ ಬೆಂಚಿನ ಹುಡುಗಿ ಬಹಳ ಕಾಳಜಿಯಿಂದಲೇ ಕೇಳಿದಳು: "ಟೀಚರ್, ಹೂಜಿಗೆ ಚಳಿಯಾ?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಒಳ್ಳೆಯ ಮಾತನ್ನೇ ಹೇಳಿದ್ದಳು ಹುಡುಗಿ. ಆದರೆ ಸ್ಟಾಫ್ ರೂಮಿಗೆ ಬಂದು ಕುಳಿತ ಮೇಲೆ ಕೈಗಳನ್ನು ಸೆರಗಿನ ಒಳಗೆ ಇಟ್ಟುಕೊಂಡೆ. ಅವತ್ತಿನಿಂದ ಅದೇ ಅಭ್ಯಾಸವಾಯಿತು. ಬೋರ್ಡಿನ ಮೇಲೆ ಬರೆಯುವ ಬದಲು ಅಚ್ಚು ಹಾಕಿದ ಚಿತ್ರಗಳನ್ನು ತಂದು ತೋರಿಸತೊಡಗಿದೆ. ಹೆಡ್‌ಮಾಸ್ಟರು ಒಂದು ದಿನ ಕರೆದು, ಮೆಲ್ಲಗೆ, ನೋವಾಗದ ಹಾಗೆ ಹೇಳಿದರು: "ಟೀಚರೇ, ನೀವು ಲೈಬ್ರರಿ ನೋಡಿಕೊಂಡರೆ ಹೇಗೆ? ಅಲ್ಲಿ ನಿಮಗೆ ಕೈಗೆ ಕೆಲಸ ಕಡಿಮೆ ಉಂಟು."

ಕೈಗೆ ಕೆಲಸ ಕಡಿಮೆ! ಮೂವತ್ತು ವರ್ಷ ಕೈಯನ್ನೇ ನಂಬಿ ಬದುಕಿದವಳಿಗೆ ಹೇಳುವ ಮಾತೇ ಇದು? ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟು ಕಾಪುವಿನ ಮನೆಯಲ್ಲಿ ಬಂದು ಕುಳಿತೆ. ಬೀಳ್ಕೊಡುಗೆಯಲ್ಲಿ "ಸ್ವಾಭಿಮಾನಿ ಶಿಕ್ಷಕಿ" ಎಂದು ಹೊಗಳಿದರು. ಎಂತಹ ಸ್ವಾಭಿಮಾನ? ಹೆದರಿ ಓಡಿ ಬಂದದ್ದು, ಅಷ್ಟೆ.

ಓಡುವುದನ್ನು ನಾನು ಮನೆಯಲ್ಲೇ ಕಲಿತಿದ್ದೆ. ನನ್ನ ಅಪ್ಪ ಕಾರ್ಕಳದಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದವರು. ನಮ್ಮ ಕಡೆಯ ಬಸ್ಸುಗಳ ಶೋಕಿ ನಿಮಗೆ ಗೊತ್ತೇ ಇದೆ. ಮೈತುಂಬ ಪಟ್ಟೆ, ಪಟ್ಟೆಯ ಅಂಚಿಗೆ ಇನ್ನೊಂದು ಎಳೆ, ಅದರ ಮೇಲೆ ಹೆಸರು. ಈಗ ಎಲ್ಲ ಸ್ಟಿಕರ್. ಆಗ ಕೈಯಲ್ಲೇ ಬರೆಯಬೇಕಿತ್ತು. ಹೆಡ್‌ಲೈಟಿನಿಂದ ಹಿಂದಿನ ಏಣಿಯವರೆಗೆ ಕಿಟಕಿಗಳ ಕೆಳಗೆ ಒಂದೇ ಗೆರೆ ಎಳೆಯುವುದರಲ್ಲಿ ಅಪ್ಪನನ್ನು ಮೀರಿಸುವವರು ಕಾರ್ಕಳದಲ್ಲಿ ಇರಲಿಲ್ಲ. ಉದ್ದ ಕೂದಲಿನ ಸಪೂರ ಬ್ರಷ್ಷು. ಕಿರುಬೆರಳನ್ನು ಬಸ್ಸಿನ ಮೈಗೆ ಊರಿ, ಉಸಿರು ಕಟ್ಟಿ, ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾ ಗೆರೆ ಎಳೆದುಕೊಂಡು ಹೋಗುವರು. ಎರಡು ಕಿಟಕಿಗೊಂದು ಉಸಿರು. ಶಾಲೆ ಬಿಟ್ಟವಳು ಸೀದಾ ಶೆಡ್ಡಿಗೆ ಹೋಗಿ ಖಾಲಿ ಡಬ್ಬಿಯೊಂದನ್ನು ಕವುಚಿ ಹಾಕಿ ಕುಳಿತು ನೋಡುತ್ತಿದ್ದೆ. ಅವರು ಉಸಿರು ಕಟ್ಟಿದಾಗ ನಾನೂ ಕಟ್ಟುತ್ತಿದ್ದೆ. ಅವರಿಗಿಂತ ಮೊದಲೇ ನನ್ನ ಉಸಿರು ಸೋಲುತ್ತಿತ್ತು, ಆಮೇಲೆ ಥಿನ್ನರ್ ವಾಸನೆ ಮೂಗಿಗೆ ನುಗ್ಗಿ ಸೀನು ಬರುತ್ತಿತ್ತು.

ಆ ಕಾಲದಲ್ಲೇ ಮಂಗಳೂರಿನಲ್ಲಿ ಕೆಲವರು ಗೆರೆಯ ಎರಡೂ ಬದಿಗೆ ಟೇಪು ಹಚ್ಚಿ, ನಡುವೆ ಬಣ್ಣ ಹೊಡೆದು, ಆಮೇಲೆ ಟೇಪು ಕಿತ್ತು ಗೆರೆ ತೆಗೆಯಲು ಶುರುಮಾಡಿದ್ದರು. ಅಪ್ಪನಿಗೆ ಅದನ್ನು ಕಂಡರಾಗದು. "ಟೇಪು ಹಾಕಿ ಗೆರೆ ಎಳೆಯುವವನಿಗೆ ಬ್ರಷ್ಷು ಎಂತಕ್ಕೆ? ಅವನು ಗೋಡೆಗೆ ಸುಣ್ಣ ಹೊಡೆಯಲಿ" ಎನ್ನುವರು.

ನಾನು ಪಿಯುಸಿಯಲ್ಲಿದ್ದಾಗ ಅವರ ಕೈ ನಡುಗತೊಡಗಿತು. ಒಂದು ಸಂಜೆ ನಾನು ಅಲ್ಲೇ ಇದ್ದೆ. ಮೂರನೆಯ ಕಿಟಕಿಯ ಕೆಳಗೆ ಗೆರೆ ಅಲೆಯಾಯಿತು. ಥಿನ್ನರಿನಲ್ಲಿ ಒರೆಸಿ ಮತ್ತೆ ಎಳೆದರು. ಮತ್ತೆ ಅಲೆ. ಮೂರನೆಯ ಸಲ ಬ್ರಷ್ಷನ್ನು ಬಸ್ಸಿಗೆ ತಾಗಿಸಲೂ ಇಲ್ಲ. ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಜೊತೆಗಿದ್ದವನ ಕೈಗೆ ಕೊಟ್ಟು "ಉಳಿದದ್ದು ನೀನು ಮುಗಿಸು" ಎಂದು ಹೇಳಿ ಮನೆಗೆ ನಡೆದರು. ಮರುದಿನದಿಂದ ಹೋಗಲಿಲ್ಲ.

ಅದರ ನಂತರ ಅಪ್ಪ ಹದಿನಾರು ವರ್ಷ ಬದುಕಿದ್ದರು. ಆ ಹದಿನಾರು ವರ್ಷವೂ ಬಲಗೈಯ ಮೇಲೆ ಒಂದು ಬೈರಾಸು, ಅಂದರೆ ಮೈ ಒರೆಸುವ ಪಂಚೆ, ಇರುತ್ತಿತ್ತು. ಮದುವೆಗೆ ಹೋದರೆ "ಇವತ್ತು ನನಗೆ ಒಪ್ಪತ್ತು" ಎಂದು ಊಟಕ್ಕೆ ಕೂರುತ್ತಿರಲಿಲ್ಲ. ಎಲ್ಲಕ್ಕಿಂತ ನನಗೆ ಮರೆಯಲಾಗದ್ದು ಒಂದು ದಿನದ ಸಂಗತಿ. ಯಾವುದೋ ಕಾಗದಕ್ಕೆ ಸಹಿ ಹಾಕಲು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಗುಮಾಸ್ತರು ಪೆನ್ನು ಕೊಟ್ಟರು. ಅಪ್ಪ ಪೆನ್ನನ್ನು ಒಂದು ಕ್ಷಣ ನೋಡಿ, "ನನಗೆ ಬರೆಯಲು ಬರುವುದಿಲ್ಲ" ಎಂದು ಹೆಬ್ಬೆರಳು ಮುಂದೆ ಚಾಚಿದರು. ಅರ್ಧ ಜಿಲ್ಲೆಯ ಬಸ್ಸುಗಳಿಗೆ ಮುತ್ತಿನಂತಹ ಅಕ್ಷರದಲ್ಲಿ ಹೆಸರು ಬರೆದ ಮನುಷ್ಯ, ನಡುಗುವ ಸಹಿಯನ್ನು ಯಾರೂ ನೋಡಬಾರದೆಂದು ಹೆಬ್ಬೆಟ್ಟು ಒತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಅಂಥವರ ಮಗಳು ನಾನು. ಸೆರಗಿನ ಒಳಗೆ ಕೈಯಿಟ್ಟುಕೊಳ್ಳದೆ ಇನ್ನೇನು ಮಾಡಿಯೇನು?

ನನ್ನ ಗಂಡ ದಿವಾಕರ ಹೆಜಮಾಡಿಯಲ್ಲಿ ಮೀನುಗಾರಿಕೆಯ ದೋಣಿಗಳ ಎಂಜಿನ್ ರಿಪೇರಿ ಮಾಡುವವರು. ಎಂತಹ ಎಂಜಿನ್ನಾದರೂ ಬಿಚ್ಚಿ ನೋಡದೆ ಅಭಿಪ್ರಾಯ ಹೇಳುವವರಲ್ಲ. ನಾನು ಮನೆಯಲ್ಲಿ ಸುಮ್ಮನೆ ಕುಳಿತದ್ದನ್ನು ನಾಲ್ಕು ತಿಂಗಳು ನೋಡಿ, ಐದನೆಯ ತಿಂಗಳು "ಹೊರಡು, ಮಣಿಪಾಲಕ್ಕೆ ಹೋಗಿ ಡಾಕ್ಟರಿಗೆ ತೋರಿಸುವ" ಎಂದರು. ನಾವು ಮನೆಯಲ್ಲಿ ತುಳು ಮಾತನಾಡುವವರು. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ತುಳುವಿನಲ್ಲಿ ಅವರು ಇದಕ್ಕಿಂತ ಸ್ವಲ್ಪ ಜೋರು.

ಡಾಕ್ಟರು ಚಿಕ್ಕ ವಯಸ್ಸಿನವರು, ಬಹಳ ಮರ್ಯಾದಸ್ಥರು. ಒಂದು ಕಾಗದ, ಪೆನ್ಸಿಲು ಕೊಟ್ಟು, "ಅಮ್ಮಾ, ಇಲ್ಲಿ ಒಂದು ಸುರುಳಿ ಬರೆಯಿರಿ ನೋಡುವ" ಎಂದರು. ಸಾವಿರಾರು ಮಕ್ಕಳಿಂದ ಸುರುಳಿ ಬರೆಸಿದವಳಿಗೆ ಸುರುಳಿಯ ಪರೀಕ್ಷೆ! ಬರೆದೆ. ಬಿಸಿಲಿಗೆ ಬಿದ್ದ ಎರೆಹುಳದ ಹಾಗಿತ್ತು. ನಾನಾಗಿದ್ದರೆ ಹತ್ತಕ್ಕೆ ಎರಡು ಅಂಕ ಕೊಡುತ್ತಿದ್ದೆ.

"ಇದು ಹೆದರುವಂಥದ್ದಲ್ಲ. ವಂಶದಲ್ಲಿ ಬರುವ ನಡುಕ" ಎಂದರು ಡಾಕ್ಟರು. "ಮಾತ್ರೆಯಲ್ಲಿ ಸ್ವಲ್ಪ ಕಡಿಮೆ ಆಗ್ತದೆ, ಪೂರ್ತಿ ಹೋಗುವುದಿಲ್ಲ. ಸೂಕ್ಷ್ಮದ ಕೆಲಸ ಎಲ್ಲ ಇನ್ನು ಬಿಟ್ಟುಬಿಡಿ. ಸುಮ್ಮನೆ ಬೇಜಾರು ಮಾಡಿಕೊಳ್ಳುವುದು ಎಂತಕ್ಕೆ, ಅಲ್ವಾ?"

ಆ "ಬಿಟ್ಟುಬಿಡಿ" ಎನ್ನುವ ಶಬ್ದ ನನ್ನೊಳಗೆ ಎಲ್ಲಿ ಹೋಗಿ ತಾಗಿತೋ ಗೊತ್ತಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದು ಬಸ್ಸಿಗೆ ನಡೆಯುವಾಗ ಒಂದು ಅಂಗಡಿಯ ಗಾಜಿನ ಹಿಂದೆ ಒಂದು ಪೆಟ್ಟಿಗೆ ಕಂಡಿತು. ಪೆಟ್ಟಿಗೆಯ ಮೇಲೆ ಬಿಳಿಯ ರೇಸ್ ಕಾರು, ಅದರ ಮೂತಿಯಿಂದ ಬಾಲದವರೆಗೆ ಎರಡು ನೀಲಿ ಪಟ್ಟೆ. ಬಿಡಿಭಾಗಗಳನ್ನು ಜೋಡಿಸಿ, ಬಣ್ಣ ಹೊಡೆದು ಮಾಡಿಕೊಳ್ಳಬೇಕಾದ ಮಾದರಿ. ನಿಜವಾದ ಕಾರಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಪಟ್ಟೆಗಳ ಅಂಚು ಎಷ್ಟು ಚೊಕ್ಕ ಇತ್ತೆಂದರೆ ನಾನು ರಸ್ತೆಯ ಬದಿಯಲ್ಲೇ ಉಸಿರು ಕಟ್ಟಿ ನಿಂತೆ.

"ಎಂತ, ಯಾರ ಮಗುವಿಗೆ?" ಎಂದರು ದಿವಾಕರ.

"ನನಗೆ."

ಅವರು ನನ್ನ ಮುಖ ನೋಡಿದರು. ನನ್ನ ಕೈ ನೋಡಿದರು. ಸೀದಾ ಅಂಗಡಿಯ ಒಳಗೆ ಹೋದರು.

ಮೊದಲಿನ ಕಾರುಗಳ ಕಥೆ ಹೇಳಲು ನನಗೇ ನಾಚಿಕೆ. ಅಪ್ಪನ ಮಗಳಲ್ಲವೇ, ಮೊದಲು ಬ್ರಷ್ಷಿನಲ್ಲೇ ಗೆರೆ ಎಳೆಯಲು ಹೋದೆ. ಬಿಳಿ ಕಾರಿನ ಮೇಲೆ ಎರಡು ನೀಲಿ ಹಾವುಗಳು ಹರಿದವು. ಆಮೇಲೆ ಟೇಪು ತಂದೆ. ತರುವಾಗ ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಂಡಿತು. ಟೇಪು ಹಚ್ಚಿ, ಸ್ಪ್ರೇ ಹೊಡೆದು, ಕಿತ್ತು ನೋಡಿದರೆ ಬಣ್ಣ ಟೇಪಿನ ಅಡಿಗೆ ಸೋರಿ, ಗೆರೆಗೆ ಜರಿಹುಳದ ಹಾಗೆ ನೂರಾರು ಕಾಲು. ಕಾಪುವಿನ ಗಾಳಿ ಬೇರೆ. ಕಡಲಿನ ಕಡೆಯ ಕಿಟಕಿ ಮುಚ್ಚಿದರೂ ಹಸಿ ಬಣ್ಣದ ಮೇಲೆ ಮರಳಿನ ಕಣ ಬಂದು ಕೂರುತ್ತಿತ್ತು. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಹೊಳೆಯುವ ಬಣ್ಣವೆಲ್ಲ ಹಾಲು ಚೆಲ್ಲಿದ ಹಾಗೆ ಮಂಕಾಗುತ್ತಿತ್ತು. ಒಂದು ಕಾರನ್ನು ಏಳು ಸಲ ತೊಳೆದು ಏಳು ಸಲ ಬಣ್ಣ ಹೊಡೆದಿದ್ದೇನೆ. ದಿವಾಕರ ಹಳೆಯ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿ ತಂದು, ಅದಕ್ಕೆ ಸಣ್ಣ ಸ್ಪ್ರೇ ಗನ್ ಜೋಡಿಸಿ ಕೊಟ್ಟರು. ಸ್ನಾನದ ಮನೆಯ ಪಕ್ಕದ ಸೌದೆಕೋಣೆ ನನ್ನ ಪೇಂಟಿಂಗ್ ಶೆಡ್ ಆಯಿತು. ಅಲ್ಲಿ ಥಿನ್ನರಿನ ವಾಸನೆ ಎದ್ದ ಮೊದಲ ದಿನ, ನಾನು ಎಷ್ಟೋ ವರ್ಷಗಳ ನಂತರ ಕಾರ್ಕಳದ ಡಬ್ಬಿಯ ಮೇಲೆ ಕುಳಿತ ಹುಡುಗಿಯ ಹಾಗೆ ಸೀನಿದೆ.

ಫೋನಿನಲ್ಲಿ ನೂರಾರು ವಿಡಿಯೋ ನೋಡಿ, ಅದಕ್ಕಿಂತ ಹೆಚ್ಚು ಹಾಳು ಮಾಡಿ, ನಿಧಾನವಾಗಿ ಕೆಲಸದ ಗುಟ್ಟು ತಿಳಿಯಿತು. ಟೇಪಿನ ಸುರುಳಿಯ ಅಂಚನ್ನು ನಂಬಬಾರದು, ಅದಕ್ಕೆ ಧೂಳು ಹಿಡಿದಿರುತ್ತದೆ. ಗಾಜಿನ ಮೇಲೆ ಹಚ್ಚಿ, ಉಕ್ಕಿನ ಸ್ಕೇಲು ಇಟ್ಟು, ಹೊಸ ಬ್ಲೇಡಿನಲ್ಲಿ ಕೊಯ್ದು ಹೊಸ ಅಂಚು ಮಾಡಿಕೊಳ್ಳಬೇಕು. ಕಾರಿನ ಮೇಲೆ ಹಚ್ಚುವಾಗ ಎಳೆಯಬಾರದು. ಎಳೆದು ಹಚ್ಚಿದ ಟೇಪು ಹಿಂದೆ ಸರಿಯುತ್ತದೆ, ಮತ್ತು ಬಾನೆಟ್ಟಿನ ಬಾಗಿನಲ್ಲಿ ಮೆಲ್ಲಗೆ ಏಳುತ್ತದೆ. ಅಂಚನ್ನು ಉಗುರಿನಲ್ಲಿ, ಬಾಗಿಲ ಸಂದಿಯಂಥ ಜಾಗದಲ್ಲಿ ಹಲ್ಲುಕಡ್ಡಿಯಲ್ಲಿ, ಒತ್ತಿ ಒತ್ತಿ ಕೂರಿಸಬೇಕು. ಆಮೇಲೆ ನೀಲಿ ಹೊಡೆಯುವ ಮೊದಲು, ಅಡಿಯಲ್ಲಿರುವ ಬಿಳಿಯನ್ನೇ ಇನ್ನೊಮ್ಮೆ ತೆಳ್ಳಗೆ ಹೊಡೆಯಬೇಕು. ಟೇಪಿನ ಅಡಿಗೆ ಏನಾದರೂ ಸೋರುವುದಿದ್ದರೆ ಆ ಬಿಳಿಯೇ ಸೋರಿ ಸಂದಿ ಮುಚ್ಚಿಬಿಡುತ್ತದೆ. ಬಿಳಿಯ ಮೇಲೆ ಬಿಳಿ ಸೋರಿದರೆ ಯಾರಿಗೆ ಕಾಣಬೇಕು? ನೀಲಿಗೆ ಒಳಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ನನಗೆ ಇದು ಹೊಳೆದ ದಿನ ಪಾಯಸ ಮಾಡಿದ್ದೆ, ಸುಳ್ಳಲ್ಲ.

ಕೊನೆಗೆ ಟೇಪು ಕೀಳುವುದು. ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಆತುರವಿಲ್ಲದೆ ಎಳೆಯುತ್ತಾ ಹೋಗಬೇಕು. ಮೊದಲ ಸಲ ಚೊಕ್ಕ ಗೆರೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಬಿಸಿಲು ಚೆನ್ನಾಗಿತ್ತು. ಎರಡೂ ಕೈ ನಡುಗುತ್ತಲೇ ಇದ್ದವು. ಟೇಪಿನ ತುದಿ ಗಾಳಿಪಟದ ಬಾಲದ ಹಾಗೆ ಅಲುಗುತ್ತಿತ್ತು. ಆದರೆ ಅದರ ಅಡಿಯಿಂದ ಹೊರಬರುತ್ತಿದ್ದ ಗೆರೆ ಅಲುಗಲಿಲ್ಲ. ಬಾನೆಟ್ಟು, ಗಾಜಿನ ಚೌಕಟ್ಟು, ಮೇಲಿನ ಮಾಡು, ಬಾಲ, ಒಂದೇ ಹಿಡಿತದಲ್ಲಿ ನೇರ. ನಾನು ಕೂಗಿದ ಕೂಗಿಗೆ ದಿವಾಕರ, ನಾನೆಲ್ಲೋ ಕೈ ಕೊಯ್ದುಕೊಂಡೆ ಎಂದುಕೊಂಡು, ಹತ್ತಿ ಹಿಡಿದುಕೊಂಡು ಓಡಿ ಬಂದರು.

ಸಂತೋಷ ಒಂದು ಗಳಿಗೆ. ಆಮೇಲೆ ಸಿಟ್ಟು ಬಂತು ನೋಡಿ, ಅಂತಿಂಥ ಸಿಟ್ಟಲ್ಲ. ಅಪ್ಪನ ಮೇಲೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ನಾನು ಮಾಡಿದೆ. ಸೌದೆಕೋಣೆಯಲ್ಲಿ ಒಬ್ಬಳೇ ನಿಂತು ಬಾಯಿಬಿಟ್ಟೇ ಬೈದೆ: "ಟೇಪು ಹಾಕಬಹುದಿತ್ತಲ್ಲ ಅಪ್ಪ! ಹದಿನಾರು ವರ್ಷ ಬೈರಾಸಿನ ಅಡಿಯಲ್ಲಿ ಕೈಯಿಟ್ಟು ಕೂರುವ ಬದಲು ಒಂದು ಸುರುಳಿ ಟೇಪು ತರಬಹುದಿತ್ತಲ್ಲ!" ಕೈ ನೇರವಿರಬೇಕೆಂದು ಅವರಿಗೆ ಯಾರು ಹೇಳಿದ್ದರು? ಬಸ್ಸಿಗೆ ಬೇಕಾದದ್ದು ನೇರವಾದ ಗೆರೆ. ಅಷ್ಟೇ ತಾನೇ?

ಆ ದಿನದಿಂದ ನಾನು ಸೆರಗಿನ ಒಳಗೆ ಕೈಯಿಡುವುದನ್ನು ಬಿಟ್ಟೆ. ಪೆರ್ಡೂರಿನಲ್ಲಿ ನೆಂಟರ ಮದುವೆಯಿತ್ತು. ಪಂಕ್ತಿಯಲ್ಲಿ ಕುಳಿತು ಸಾರು ಅನ್ನ ಉಂಡೆ. ಎಲೆಯಿಂದ ಬಾಯಿಗೆ ಹೋಗುವ ದಾರಿಯಲ್ಲಿ ಅರ್ಧ ಚೆಲ್ಲಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕನಿಕರದಿಂದ "ಚಮಚ ತರಿಸಲಾ?" ಎಂದರು. "ಬೇಡ, ಇನ್ನೂ ಸ್ವಲ್ಪ ಸಾರು ತರಿಸಿ. ಚೆಲ್ಲಿದ್ದಕ್ಕೆ ಲೆಕ್ಕ ಸರಿಯಾಗಬೇಕಲ್ಲ" ಎಂದೆ. ಅವರು ಗಾಬರಿಯಾಗಿ ತಮ್ಮ ಎಲೆಯ ಕಡೆಗೆ ತಿರುಗಿದರು. ಅಲ್ಲೇ ಸಿಕ್ಕಿದ ನಮ್ಮ ಹಳೆಯ ಹೆಡ್‌ಮಾಸ್ಟರು, "ಎಂತ ಟೀಚರೇ, ಈಗ ಆಟದ ಕಾರಿಗೆ ಬಣ್ಣವಂತೆ? ಟೇಪು ಹಾಕಿದರೆ ಯಾರಿಗೂ ಬರ್ತದಲ್ಲ ಅದು?" ಎಂದು ತಮಾಷೆ ಮಾಡಿದರು. "ಮನೆಗೆ ಬನ್ನಿ ಸರ್, ಟೇಪು ಕೊಡ್ತೇನೆ, ಕಾರೂ ಕೊಡ್ತೇನೆ. ಒಂದು ಗೆರೆ ತೆಗೆಯಿರಿ ನೋಡುವ" ಎಂದೆ. ಅವರು ಇನ್ನೂ ಬಂದಿಲ್ಲ.

ಕಳೆದ ವರ್ಷ ಮಣಿಪಾಲದಲ್ಲಿ ಒಂದು ಸ್ಪರ್ಧೆಯಿತ್ತು. ಇಂಥ ಕಾರು, ವಿಮಾನಗಳ ಮಾದರಿ ಮಾಡುವ ಹುಚ್ಚರು ಜಿಲ್ಲೆಯಲ್ಲಿ ಇನ್ನೂ ಕೆಲವರಿದ್ದಾರೆಂದು ನನಗೆ ಗೊತ್ತಾದದ್ದೇ ಆಗ. ನಡೆಸುವವರು ಉಡುಪಿಯಲ್ಲಿ ಬಟ್ಟೆಯಂಗಡಿ ಇರುವ ಕಾಮತರು. ಬಹಳ ಒಳ್ಳೆಯ ಮನುಷ್ಯ. ನಾನು ಬಿಳಿ ಕಾರನ್ನು ಹಪ್ಪಳದ ಡಬ್ಬಿಯಲ್ಲಿ ಹತ್ತಿಯ ನಡುವೆ ಮಲಗಿಸಿ, ಗಂಡನ ಜೊತೆ ಬಸ್ಸಿನಲ್ಲಿ ಹೋದೆ. ಹೆಸರು ಬರೆಸುವ ಮೇಜಿನಲ್ಲಿ ಫಾರ್ಮು ತುಂಬುವಾಗ ನನ್ನ ಅಕ್ಷರ ಕುಣಿಯುವುದನ್ನು ಕಾಮತರು ನೋಡಿದರು.

"ಕೊಡಿ ಟೀಚರೇ, ನಾನೇ ಬರೀತೇನೆ."

"ಬೇಡ, ಬರ್ತದೆ" ಎಂದೆ. ಬಂತು. ಸಮಯ ಹಿಡಿಯಿತು, ಹಿಂದೆ ಸಾಲು ಬೆಳೆಯಿತು, ಆದರೆ ಬಂತು. ನನ್ನ ಕಾರಿಗೆ ಹದಿನೇಳನೆಯ ನಂಬರು ಸಿಕ್ಕಿತು. ಉದ್ದ ಮೇಜಿನ ಮೇಲೆ ಸಾಲಿನಲ್ಲಿಟ್ಟು ಊಟಕ್ಕೆ ಹೋದೆವು.

ಊಟ ಮುಗಿಸಿ ಬಂದು ನೋಡಿದರೆ ಹದಿನೇಳರ ಜಾಗ ಖಾಲಿ. ಸುತ್ತ ಹುಡುಕಿದಾಗ ವೇದಿಕೆಯ ಪಕ್ಕದಲ್ಲಿ ಪ್ರತ್ಯೇಕವಾದ ಸಣ್ಣ ಮೇಜು, ಅದರ ಮೇಲೆ ಕೆಂಪು ಮಖಮಲ್ಲು, ಮಖಮಲ್ಲಿನ ಮೇಲೆ ನನ್ನ ಕಾರು. ಪಕ್ಕದಲ್ಲಿ ಒಂದು ಚೀಟಿ: "ವಿಶೇಷ ಪುರಸ್ಕಾರ". ಕಾಮತರು ನಗುತ್ತಾ ಬಂದರು.

"ನಿಮಗೆ ಹೇಳದೆ ಇಟ್ಟದ್ದು, ಕೊನೆಗೆ ಆಶ್ಚರ್ಯ ಆಗಲಿ ಅಂತ. ಶಾಲು ಉಂಟು, ಫಲಕ ಉಂಟು."

"ಎಂತಕ್ಕೆ ವಿಶೇಷ?"

"ಅದು... ನಿಮ್ಮ ಧೈರ್ಯಕ್ಕೆ ಟೀಚರೇ. ಆ ಕೈಯಲ್ಲಿ ನೀವು ಇಷ್ಟು ಮಾಡಿದ್ದೀರಲ್ಲ, ಎಲ್ಲರಿಗೂ ಒಂದು ಸ್ಫೂರ್ತಿ."

"ಹಾಗಾದರೆ ಸಾಲಿನಲ್ಲಿ ಹದಿನೇಳಕ್ಕೆ ಅಂಕ?"

"ಅದಕ್ಕೆ ಅಂಕ ಹಾಕ್ಲಿಲ್ಲ. ತೀರ್ಪುಗಾರರು ಬರುವ ಮೊದಲೇ ತೆಗೆದಿಟ್ಟೆ. ಸ್ಪರ್ಧೆ ಎಲ್ಲ ನಿಮಗೆ ಸುಮ್ಮನೆ ತಲೆಬಿಸಿ ಅಲ್ವಾ?"

ನಿಮಗೆ ಹೇಳಿದೆನಲ್ಲ, ಕಾಮತರು ಒಳ್ಳೆಯವರು. ಹೆಡ್‌ಮಾಸ್ಟರೂ ಒಳ್ಳೆಯವರು, ಡಾಕ್ಟರೂ ಒಳ್ಳೆಯವರು. ನನ್ನನ್ನು ಸಾಲಿನಿಂದ ಹೊರಗೆ ಎತ್ತಿ ಮಖಮಲ್ಲಿನ ಮೇಲೆ ಇಟ್ಟವರೆಲ್ಲ ಒಳ್ಳೆಯವರೇ. ನನಗೆ ಕಣ್ಣು ತುಂಬಿ ಬಂತು. ಆದರೆ ಈ ಸಲ ಓಡಲಿಲ್ಲ. ಕಾರನ್ನು ಕೈಗೆತ್ತಿಕೊಂಡೆ.

"ಕಾಮತರೇ, ನನಗೆ ಶಾಲು ಬೇಡ. ನನ್ನ ಕೈ ನಾನು ಸ್ಪರ್ಧೆಗೆ ತಂದದ್ದಲ್ಲ, ಕಾರು ತಂದದ್ದು. ಗೆರೆಗೆ ಅಂಕ ಕೊಡಿ, ಕೈಗಲ್ಲ."

ಸಭೆಯಲ್ಲಿ ಜನ ಇದ್ದರು. ನನ್ನ ಧ್ವನಿ ಸ್ವಲ್ಪ ಜೋರಾಯಿತೋ ಏನೋ, ಎಲ್ಲರೂ ತಿರುಗಿ ನೋಡಿದರು. ಕಾಮತರ ಮುಖ ಸಣ್ಣದಾಯಿತು. "ತೀರ್ಪು ಎಲ್ಲ ಮುಗಿದಿದೆ ಟೀಚರೇ, ಈಗ ಹೇಗೆ..." ಎನ್ನುವಷ್ಟರಲ್ಲಿ ತೀರ್ಪುಗಾರರು ತಾವೇ ಎದ್ದು ಬಂದರು. ಕಾರು ತಯಾರಿಸುವ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

"ಎಂತ ವಿಷಯ?"

"ಹದಿನೇಳನೇ ಕಾರಿಗೆ ಅಂಕ ಹಾಕಿಲ್ಲ ಸರ್" ಎಂದೆ.

"ತನ್ನಿ."

ಅವರ ಮೇಜಿನ ಮೇಲೆ ಒಂದು ಕ್ಯಾಮೆರಾ ಇತ್ತು. ಅದರ ಕೆಳಗೆ ಇಟ್ಟ ವಸ್ತು ಹಿಂದಿನ ಪರದೆಯ ಮೇಲೆ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ನಾನು ಕಾರನ್ನು ಅಲ್ಲಿಡಲು ಹೋದೆ. ಪರದೆಯ ಮೇಲೆ ಕಾರಿನ ಜೊತೆಗೆ ನನ್ನ ಎರಡು ಕೈಗಳೂ ಮೂಡಿದವು. ಅಷ್ಟು ದೊಡ್ಡದಾಗಿ ನಾನೂ ಅವುಗಳನ್ನು ಎಂದೂ ನೋಡಿರಲಿಲ್ಲ. ಗಾಳಿಗೆ ಸಿಕ್ಕ ಬಾಳೆ ಎಲೆಯ ಹಾಗೆ ಬಡಿದುಕೊಳ್ಳುತ್ತಿದ್ದವು. ಸಭೆಯಲ್ಲಿ ಯಾರೋ "ಅಯ್ಯೋ ಪಾಪ" ಎಂದದ್ದು ಕೇಳಿಸಿತು. ಸೆರಗಿನ ನೆನಪಾಯಿತು. ಕೈ ತೆಗೆಯಲಿಲ್ಲ. ನೋಡಲಿ ಎಂದೇ ಹಿಡಿದೆ.

ತೀರ್ಪುಗಾರರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ಕೈ ತೆಗೆಯಿರಿ. ಕಾರು ಕಾಣುವುದಿಲ್ಲ."

ತೆಗೆದೆ. ಪರದೆಯ ಮೇಲೆ ಕಾರೊಂದೇ ಉಳಿಯಿತು, ಅಲುಗದೆ.

ಅವರು ಮೂತಿಯಿಂದ ಶುರುಮಾಡಿ ಅಂಗುಲ ಅಂಗುಲವಾಗಿ ಕಾರನ್ನು ಜರುಗಿಸುತ್ತಾ ಹೋದರು. ಬಾನೆಟ್ಟಿನಲ್ಲಿ ಗೆರೆ ಸ್ವಚ್ಛ. ಗಾಜಿನ ಚೌಕಟ್ಟಿನ ಏರಿಳಿತದಲ್ಲೂ ಸ್ವಚ್ಛ. ಮಾಡಿನ ಮೇಲೆ ಎರಡು ಪಟ್ಟೆಗಳ ನಡುವಿನ ಬಿಳಿ, ಆರಂಭದಲ್ಲಿ ಎಷ್ಟು ಅಗಲವೋ ಕೊನೆಯಲ್ಲೂ ಅಷ್ಟೇ. ಅವರು ಒಮ್ಮೆ "ಹೂಂ" ಎಂದರು. ಹಿಂದಿನ ಗಾಜು ದಾಟಿ ಡಿಕ್ಕಿಯ ಅಂಚಿಗೆ ಬಂದಾಗ ಕೈ ನಿಲ್ಲಿಸಿದರು. ನೀಲಿ ಪಟ್ಟೆಯಿಂದ ಕೂದಲೆಳೆಯಷ್ಟು ಬಣ್ಣ ಬಿಳಿಯೊಳಕ್ಕೆ ಚಾಚಿಕೊಂಡಿತ್ತು. ಬರಿಗಣ್ಣಿಗೆ ಕಾಣದ್ದು ಪರದೆಯ ಮೇಲೆ ಹಗ್ಗದಷ್ಟು ದಪ್ಪ ಕಾಣುತ್ತಿತ್ತು.

"ಇಲ್ಲಿ ಸೋರಿದೆ."

"ಹೌದು, ಸೋರಿದೆ" ಎಂದೆ.

"ಬಾಗಿನಲ್ಲಿ ಒತ್ತಲಿಲ್ಲ ನೀವು."

"ಒತ್ತಿದ್ದೆ."

"ಸಾಕಾಗಲಿಲ್ಲ."

"ಸಾಕಾಗಲಿಲ್ಲ" ಎಂದು ಒಪ್ಪಿದೆ. ಡ್ರಾಯಿಂಗ್ ಟೀಚರ್ ನಾನು, ತಪ್ಪು ಎಂದರೆ ತಪ್ಪೇ. ಅವರು ಹಾಳೆಯ ಮೇಲೆ ಏನೋ ಬರೆದು, ಅಂಕ ಹಾಕಿ, ಮಡಚಿ ಪಕ್ಕಕ್ಕಿಟ್ಟರು. ಅಷ್ಟೇ.

ಬಹುಮಾನ ಇದ್ದದ್ದು ಮೂರು. ನನ್ನ ಕಾರು ನಾಲ್ಕನೆಯದಾಯಿತು. ಕಾಮತರು ಕೊನೆಯಲ್ಲಿ ಬಂದು, "ಶಾಲು ಈಗಲೂ ಉಂಟು ಟೀಚರೇ" ಎಂದರು. "ಮಡಚಿಡಿ ಕಾಮತರೇ, ಬರುವ ವರ್ಷ ಒಂದನೇ ಬಹುಮಾನದ ಜೊತೆ ಕೊಡಿ" ಎಂದೆ. ಈ ಸಲ ಅವರೂ ನಿಜವಾಗಿ ನಕ್ಕರು. ಅಂಕದ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ಹಿಡಿದುಕೊಂಡೇ ಬಸ್ಸು ಹತ್ತಿದೆ.

ಉಡುಪಿ ದಾಟಿದ ಮೇಲೆ ದಿವಾಕರ ಹಾಳೆ ತೆಗೆದುಕೊಂಡು ಓದಿದರು. ಇಡೀ ಹಾಳೆಯಲ್ಲಿ ಅಂಕಗಳ ಕೆಳಗೆ ಇದ್ದದ್ದು ಎರಡೇ ಸಾಲು: "ಡಿಕ್ಕಿಯ ಬಾಗಿನಲ್ಲಿ ಬಣ್ಣ ಸೋರಿದೆ. ಟೇಪಿನ ಅಂಚು ಸರಿಯಾಗಿ ಒತ್ತಿಲ್ಲ."

"ಅಂಚು ಒತ್ತಿಲ್ಲ ಅಂತ ಬರೆದಿದ್ದಾರಲ್ಲ?" ಎಂದರು.

"ಹೌದು. ನಿಜವೇ."

"ನಾಲ್ಕನೇ ಸ್ಥಾನ. ಬಹುಮಾನವೂ ಇಲ್ಲ."

"ಇಲ್ಲ."

"ಮತ್ತೆ ನೀನು ಹೀಗೆ ನಗುವುದು ಎಂತಕ್ಕೆ ಮಾರಾಯ್ತಿ?"

"ಇನ್ನೊಂದು ಸಲ ಓದಿ. ಅದರಲ್ಲಿ ನನ್ನ ಕೈಯ ವಿಷಯ ಎಲ್ಲಿಯಾದರೂ ಉಂಟಾ ನೋಡಿ."

ಅವರು ಓದಿದರು. ಬಿಚ್ಚಿ ನೋಡದೆ ಹೇಳುವವರಲ್ಲವಲ್ಲ, ಹಾಳೆಯನ್ನು ಮಗುಚಿ ಹಿಂಬದಿಯನ್ನೂ ನೋಡಿದರು.

"ಇಲ್ಲ" ಎಂದರು.